ಎಲ್ಲವೂ ಗುರುವಾದರೆ ಲಘುವೆಲ್ಲಿ?

ಕಳೆದ ವೈಶಾಖದಲ್ಲಿ ಚನ್ನಪಟ್ಟಣದ ಕಲ್ಯಾಣಮಂಟಪವೊಂದರಲ್ಲಿ ನಮ್ಮ ಬಂಧುಗಳ ಮನೆಯ ಮದುವೆ ನಡೆಯಿತು. ಧಾರೆ ಮುಗಿದು ಹೆಣ್ಣು ಒಪ್ಪಿಸಿಕೊಡುವ ಹೊತ್ತು. ಹಿಂದೆಯಾಗಿದ್ದರೆ ನಾಲ್ಕಾರು ಮಂದಿ ಹೆಂಗಸರು ಚಾಪೆಯ ಮೇಲೆ ಒತ್ತಾಗಿ ಕುಳಿತು ಸೋಬಾನೆ ಎತ್ತಿಕೊಳ್ಳುತ್ತಿದ್ದರು. ಅಂದು ಹಾಡಬಲ್ಲವರು ಯಾರೂ ಇರಲಿಲ್ಲವಾಗಿ ಮದುಮಗಳ ಅಣ್ಣ ತನ್ನ ಮೊಬೈಲಿಗೆ ಧ್ವನಿವರ್ಧಕದ ತಂತಿ ಸಿಕ್ಕಿಸಿ ಹಾಡು ಹಾಕಿದ. ಮೊದಲ ಸೊಲ್ಲು ಕಿವಿಗೆ ಬಿದ್ದೊಡನೆ ನನ್ನ ಮೈ ಜುಮ್ಮೆಂದಿತು. ತೀರಿಹೋಗಿ ಒಂಬತ್ತು ವರ್ಷವಾಗಿದ್ದ ನನ್ನ ತಾಯಿಯ ದನಿ ಅದು.

ಪಕ್ಕದಲ್ಲಿ ಕುಳಿತಿದ್ದ ನನ್ನ ಅಕ್ಕ ನಾಲ್ಕನೆಯ ತರಗತಿಗೆ ಶಾಲೆ ಬಿಟ್ಟವಳು. ಸ್ವಲ್ಪ ಹೊತ್ತು ಕೇಳಿದಳು. ಆಮೇಲೆ ನನ್ನ ತೋಳು ಹಿಡಿದು ಅಂದಳು: “ಯಾಕಪ್ಪಾ, ಅವ್ವ ಇಂಗೆ ಕಿರುಚ್ತಾವ್ಳೆ? ಯಾರ್ ಮ್ಯಾಲಪ್ಪಾ ಸಿಟ್ಟು ಅವಳ್ಗೆ?”

ನನ್ನಿಂದ ಉತ್ತರ ಹೊರಡಲಿಲ್ಲ. ಈ ಬರಹ ಆ ಪ್ರಶ್ನೆಗೆ ಉತ್ತರ. ತಡವಾಗಿ ಕೊಡುತ್ತಿದ್ದೇನೆ, ತುಸು ಕಟುವಾಗಿಯೂ ಕೊಡುತ್ತಿದ್ದೇನೆ. ವಾಚಕರು ಮನ್ನಿಸಬೇಕು.

ನಮ್ಮದು ಮಾಗಡಿ ತಾಲೂಕಿನ ಒಂದು ಹಳ್ಳಿ. ಅವ್ವ ಬೀಸುಕಲ್ಲಿನ ಮುಂದೆ, ರಾಗಿಹೊಲದ ಕಳೆಯಲ್ಲಿ, ಮದುವೆಯ ಚಪ್ಪರದಲ್ಲಿ ಹಾಡುತ್ತಿದ್ದಳು. 2003ರಲ್ಲಿ ನಾನು ಎಂ.ಎ. ಓದುತ್ತಿದ್ದಾಗ, ಜನಪದ ಸಾಹಿತ್ಯದ ಪಾಠಕ್ಕೆಂದು, ಗೆಳೆಯನೊಬ್ಬನಿಂದ ಎರವಲು ತಂದ ಟೇಪ್ ರೆಕಾರ್ಡರಿನಲ್ಲಿ ಅವಳ ಹನ್ನೊಂದು ಪದಗಳನ್ನು ಹಿಡಿದಿಟ್ಟೆ. ಹೆಣ್ಣು ಒಪ್ಪಿಸುವ ಪದಕ್ಕೆ ಅವಳದೇ ಒಂದು ಕ್ರಮವಿತ್ತು. ಮೊದಲ ನುಡಿಗಳಲ್ಲಿ ಬೀಗರನ್ನು ಛೇಡಿಸುವಾಗ ಕಂಠ ಬಿಚ್ಚಿ ಹಾಡುವಳು. ತೌರಿನ ಹೊಸಿಲು ದಾಟುವ ಮಾತು ಬಂದೊಡನೆ ದನಿಯನ್ನು ಇಳಿಸುತ್ತ ಇಳಿಸುತ್ತ, ಕೊನೆಯ ನುಡಿಯನ್ನು ಉಸಿರಿಗಿಂತ ಒಂದಿಷ್ಟೇ ಮೇಲೆ ನಿಲ್ಲಿಸುವಳು. ಆಗ ಎಲೆಅಡಿಕೆ ಮಡಿಸುತ್ತಿದ್ದ ಕೈಗಳು ನಿಲ್ಲುತ್ತಿದ್ದವು. ಹಿಂದೆ ಕುಳಿತವರು ಮುಂದಕ್ಕೆ ಬಾಗುತ್ತಿದ್ದರು. ಮದುಮಗಳ ತಾಯಿ ಸೆರಗನ್ನು ಬಾಯಿಗೆ ಒತ್ತಿಕೊಳ್ಳುತ್ತಿದ್ದಳು. ಆ ಪದದ ಅರ್ಧ ಅರ್ಥ ಮಾತಿನಲ್ಲಿದ್ದರೆ ಇನ್ನರ್ಧ ಆ ಇಳಿತದಲ್ಲಿತ್ತು.

ಅವಳು ತೀರಿಕೊಂಡ ಮರುವರ್ಷ ಆ ಕ್ಯಾಸೆಟ್ಟನ್ನು ಬೆಂಗಳೂರಿನ ಒಂದು ಸ್ಟುಡಿಯೋಗೆ ಕೊಂಡೊಯ್ದು ಕೊಟ್ಟವನು ನಾನೇ. “ಚೊಕ್ಕಟ ಮಾಡಿಕೊಡಿ, ನಾಲ್ಕು ಜನ ಕೇಳಲಿ” ಎಂದೆ. ಅವರು ಚೊಕ್ಕಟ ಮಾಡಿದರು, ಎಲ್ಲರ ಮೊಬೈಲಿಗೂ ಸಿಕ್ಕುವಂತೆ ಹೊರಗೆ ಬಿಟ್ಟರು. ಮೊಬೈಲಿನ ಹೆಬ್ಬೆಟ್ಟಿನಗಲದ ಬಾಯಿಯಲ್ಲಿ ಒಮ್ಮೆ ಕೇಳಿ, ಚೆನ್ನಾಗಿದೆಯೆಂದು ತಲೆದೂಗಿ, ನಾನು ಸುಮ್ಮನಾದೆ. ಆದ್ದರಿಂದ ಮುಂದೆ ನಾನು ಯಾರನ್ನು ಬೈದರೂ ಆ ಸಾಲಿನಲ್ಲಿ ಮೊದಲು ನಿಂತಿರುವವನು ನಾನು.

ಮದುವೆ ಕಳೆದ ವಾರವೇ ಆ ಸ್ಟುಡಿಯೋಗೆ ಹೋದೆ. ಅಲ್ಲಿದ್ದ ತರುಣ ಬಹಳ ಸೌಜನ್ಯದವನು. “ಸಾರ್, ನಿಮ್ ಟೇಪು ತುಂಬ ಡಲ್ ಇತ್ತು. ಲೆವೆಲ್ ಎತ್ತಿ ಕೊಟ್ಟಿದೀವಿ. ಹಿಂಗೆ ಮಾಡ್ದಿದ್ರೆ ಈಗ ಯಾರೂ ಕೇಳಲ್ಲ ಸಾರ್. ಪಕ್ಕದ ಹಾಡಿಗಿಂತ ಒಂಚೂರು ಮೆಲ್ಲಗಿದ್ರೂ ಮುಂದಕ್ಕೆ ತಳ್ಬಿಡ್ತಾರೆ” ಎಂದ. ಎಂದು, ಕಂಪ್ಯೂಟರಿನ ತೆರೆಯ ಮೇಲೆ ಎರಡು ಚಿತ್ರಗಳನ್ನು ತೋರಿಸಿದ. ಮೊದಲನೆಯದು ನನ್ನ ಟೇಪಿನಿಂದ ಇಳಿಸಿಕೊಂಡ ಧ್ವನಿಯ ರೇಖೆ. ರೈಲಿನ ಕಿಟಕಿಯಿಂದ ರಾಮನಗರದ ಬೆಟ್ಟಗಳು ಕಾಣುವಂತೆ, ಒಂದೆಡೆ ಏರು, ಒಂದೆಡೆ ಕಣಿವೆ, ನಡುವೆ ಬಯಲು. ಎರಡನೆಯದು ಅವರು ಚೊಕ್ಕಟ ಮಾಡಿದ್ದು. ಸೈಜುಗಲ್ಲಿನ ಗೋಡೆ ಕಟ್ಟಿದಂತೆ ಈ ತುದಿಯಿಂದ ಆ ತುದಿಗೆ ಒಂದೇ ಎತ್ತರ. ಅವ್ವ ಕಿರುಚುತ್ತಿದ್ದಳೇಕೆಂದು ನನಗೆ ಆಗ ಗೊತ್ತಾಯಿತು.

ನಡೆದದ್ದಿಷ್ಟು. ಧ್ವನಿಯನ್ನು ತುಂಬುವ ಪಾತ್ರೆಗೆ ಒಂದು ಅಂಚುಂಟು. ಅದನ್ನು ಮೀರಿ ಏನನ್ನೂ ತುಂಬಲಾಗದು. ಹಾಡಿನ ಅತಿ ಎತ್ತರದ ಸ್ವರ ಆ ಅಂಚನ್ನು ಮುಟ್ಟಿದ ಮೇಲೆ ಒಟ್ಟು ಹಾಡನ್ನು ಇನ್ನಷ್ಟು ಗಟ್ಟಿ ಮಾಡಬೇಕೆಂದರೆ ಉಪಾಯ ಒಂದೇ: ಎತ್ತರದ ಸ್ವರಗಳನ್ನು ಅದುಮುವುದು, ಅದರಿಂದ ತೆರವಾದ ಜಾಗದಷ್ಟೂ ಇಡೀ ಹಾಡನ್ನು ಮೇಲಕ್ಕೆತ್ತುವುದು. ಹೀಗೆ ಅದುಮುವ ಉಪಕರಣಕ್ಕೆ ಕಂಪ್ರೆಸರ್ ಎಂದು ಹೆಸರು. ಅಂಚಿನಲ್ಲಿ ನಿಂತು ತಲೆಯೆತ್ತಿದ ಸ್ವರವನ್ನೆಲ್ಲ ಸವರಿಹಾಕುವುದಕ್ಕೆ ಲಿಮಿಟರ್ ಎಂದು ಹೆಸರು. ಸಾವನದುರ್ಗವನ್ನೂ ರಾಮದೇವರ ಬೆಟ್ಟವನ್ನೂ ಕಡಿದು, ಆ ಕಲ್ಲನ್ನು ಹಳ್ಳಗಳಿಗೆ ತುಂಬಿ, ನಾಡನ್ನೆಲ್ಲ ಸಮತಟ್ಟು ಮಾಡಿದರೆ ಏನಾದೀತೋ ಅದೇ ಹಾಡಿಗೂ ಆಗುತ್ತದೆ. ಅತಿ ಮೆಲ್ಲನೆಯ ಸ್ವರಕ್ಕೂ ಅತಿ ಗಟ್ಟಿಯಾದ ಸ್ವರಕ್ಕೂ ನಡುವಣ ಅಂತರವನ್ನು ಬಲ್ಲವರು ಡೈನಾಮಿಕ್ ರೇಂಜ್ ಎನ್ನುತ್ತಾರೆ. ನಾನು ಅದನ್ನು ಏರಿಳಿತದ ಹರವು ಎನ್ನುತ್ತೇನೆ. ಹಾಡನ್ನು ಎಂಪಿತ್ರೀ ಮಾಡಿ ಕಡತದ ಗಾತ್ರ ಕುಗ್ಗಿಸುವ ಸಂಕೋಚನ ಬೇರೆ, ಇದು ಬೇರೆ. ಅದರಲ್ಲಿ ಕುಗ್ಗುವುದು ಕಡತ. ಇದರಲ್ಲಿ ಕುಗ್ಗುವುದು ಹಾಡು.

ನಾನು ಕನ್ನಡದ ಮೇಷ್ಟರು. ನನಗೆ ತಿಳಿದ ಶಾಸ್ತ್ರದಿಂದಲೇ ಇದನ್ನು ಹೇಳುವುದಾದರೆ, ನಮ್ಮ ಛಂದಸ್ಸೆಲ್ಲ ನಿಂತಿರುವುದು ಎರಡೇ ಚಿಹ್ನೆಗಳ ಮೇಲೆ. ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು. ಕಂದ, ರಗಳೆ, ಷಟ್ಪದಿ, ಖ್ಯಾತ ಕರ್ನಾಟಕ ವೃತ್ತಗಳು ಎಲ್ಲವೂ ಇವೆರಡರ ಸರಸದಿಂದ ಹುಟ್ಟಿದುವು. ಗುರುವೇ ಹೆಚ್ಚು ಬೆಲೆಯುಳ್ಳದ್ದೆಂದು ಭ್ರಮಿಸಿ ಯಾರಾದರೂ ಕುಮಾರವ್ಯಾಸನ ಭಾಮಿನಿಯ ಲಘುಗಳನ್ನೆಲ್ಲ ಗುರುವಾಗಿ ತಿದ್ದಿಟ್ಟರೆ ಅವನಿಗೆ ಏನೆನ್ನೋಣ? ಎಲ್ಲವೂ ಗುರುವಾದ ವಿದ್ಯುನ್ಮಾಲೆಯೆಂಬ ವೃತ್ತ ಉಂಟಲ್ಲ ಎಂದು ಪಂಡಿತರು ಆಕ್ಷೇಪಿಸಬಹುದು. ಉಂಟು, ಪಾದಕ್ಕೆ ಎಂಟು ಗುರು. ಆದರೆ ಅದೊಂದರಲ್ಲೇ ಮಹಾಕಾವ್ಯ ಬರೆಯುತ್ತೇನೆಂದು ನಮ್ಮ ಕವಿಗಳು ಹೊರಡಲಿಲ್ಲ. ಒಂದು ಪದ್ಯಕ್ಕೆ ಅದು ಚೆಂದ. ನೂರು ಪದ್ಯಕ್ಕೆ ಅದು ಮರ ಕುಟ್ಟಿದ ಸದ್ದು. ಇಂದಿನ ಧ್ವನಿಮುದ್ರಣಗಳಲ್ಲಿ ಬಹುಪಾಲು ನಮಗೆ ಉಣಬಡಿಸುತ್ತಿರುವುದು ಈ ಮರ ಕುಟ್ಟಿದ ಸದ್ದನ್ನೇ.

ಪಾತ್ರೆ ಚಿಕ್ಕದಾಗಿದ್ದ ಕಾಲದಲ್ಲಿ ಹೀಗೆ ಮಾಡಿದ್ದರೆ ಕ್ಷಮಿಸಬಹುದಿತ್ತು. 1902ರಲ್ಲಿ ಕಲ್ಕತ್ತೆಯಲ್ಲಿ ಗೌಹರ್ ಜಾನ್ ತುತ್ತೂರಿಯ ಬಾಯಿಗೆ ಮುಖವಿಟ್ಟು ಹಾಡಿದಾಗ ಮೈಕೂ ಇರಲಿಲ್ಲ, ವಿದ್ಯುತ್ತಿನ ವರ್ಧನೆಯೂ ಇರಲಿಲ್ಲ. ಮೆಲ್ಲಗೆ ಹಾಡಿದ್ದು ಅರಗಿನ ತಟ್ಟೆಯ ಗರಗರದಲ್ಲಿ ಮುಳುಗಿಹೋಗುತ್ತಿತ್ತು. 78 ಸುತ್ತಿನ ಆ ತಟ್ಟೆಗಳ ಹರವು ಸುಮಾರು 40 ಡೆಸಿಬೆಲ್. ಆಮೇಲೆ ಬಂದ ಎಲ್.ಪಿ.ಗಳಲ್ಲಿ ಅದು 60-70ಕ್ಕೆ ಏರಿತು. 1982ರಲ್ಲಿ ಮಾರುಕಟ್ಟೆಗೆ ಬಂದ ಸಿ.ಡಿ.ಯಲ್ಲಿ 96. ಹತ್ತು ಡೆಸಿಬೆಲ್ ಏರಿದರೆ ನಮ್ಮ ಕಿವಿಗೆ ಸದ್ದು ಸುಮಾರು ಇಮ್ಮಡಿಯಾದಂತೆ ತೋರುತ್ತದೆ ಎಂಬುದನ್ನು ನೆನೆದರೆ ಆ ಪಾತ್ರೆ ಎಷ್ಟು ದೊಡ್ಡದಾಯಿತೆಂದು ಊಹಿಸಬಹುದು. ಪಿಸುಮಾತಿನಿಂದ ಸಿಡಿಲಿನವರೆಗೆ ಎಲ್ಲವನ್ನೂ ತುಂಬುವಷ್ಟು ದೊಡ್ಡ ಕಣಜ ಮನುಷ್ಯನ ಕೈಗೆ ಬಂತು. ಬಂದು ಹತ್ತು ಹದಿನೈದು ವರ್ಷ ಕಳೆಯುವುದರೊಳಗೆ, 1990ರ ದಶಕದಲ್ಲಿ, ಅವನು ಆ ಕಣಜದ ನೆತ್ತಿಯ ನಾಲ್ಕು ಬೆರಳು ಜಾಗದಲ್ಲಿ ಇಡೀ ಹಾಡನ್ನು ತುರುಕತೊಡಗಿದ! ಕಣಜ ಬೆಳೆದಷ್ಟೂ ಕಾಳು ಕಡಿಮೆಯಾಯಿತು. ಇಂಥ ವಿಪರೀತ ಬುದ್ಧಿಗೆ ಏನು ಕಾರಣ?

ಕಾರಣ ನಮ್ಮ ಕಿವಿಯ ಒಂದು ದೌರ್ಬಲ್ಯ. ಒಂದೇ ಹಾಡನ್ನು ಎರಡು ಸಲ ಕೇಳಿಸಿ, ಎರಡನೆಯದನ್ನು ತುಸುವೇ ಗಟ್ಟಿಯಾಗಿಟ್ಟರೆ ಕೇಳುವವನು ಎರಡನೆಯದೇ ಉತ್ತಮವೆನ್ನುತ್ತಾನೆ. ಸದ್ದು ತಗ್ಗಿದಾಗ ಕಿವಿ ತೀರ ಕೆಳಗಿನ ಸ್ವರಗಳನ್ನೂ ತೀರ ಮೇಲಿನ ಸ್ವರಗಳನ್ನೂ ಅಷ್ಟಾಗಿ ಹಿಡಿಯಲಾರದೆಂದು ಅಮೆರಿಕದ ಫ್ಲೆಚರ್ ಮತ್ತು ಮನ್ಸನ್ 1933ರಲ್ಲೇ ಅಳೆದು ತೋರಿಸಿದ್ದರು. ಈ ದೌರ್ಬಲ್ಯವನ್ನು ವ್ಯಾಪಾರಿ ಹಿಡಿದುಕೊಂಡ. ರೇಡಿಯೋದಲ್ಲಿ ನನ್ನ ಹಾಡು ಮುಂದಿನದಕ್ಕಿಂತ ಗಟ್ಟಿ ಕೇಳಬೇಕೆಂದು ಒಬ್ಬ, ಅವನದಕ್ಕಿಂತ ನನ್ನದು ಗಟ್ಟಿಯಾಗಬೇಕೆಂದು ಇನ್ನೊಬ್ಬ. ಸಂತೆಯಲ್ಲಿ ಒಬ್ಬ ಕೂಗಿದರೆ ಪಕ್ಕದವನೂ ಕೂಗಬೇಕು. ಎಲ್ಲರೂ ಕೂಗಿದ ಮೇಲೆ ಯಾರ ಮಾತೂ ಕೇಳದು. ಪಶ್ಚಿಮದವರು ಇದಕ್ಕೆ ಗಟ್ಟಿತನದ ಯುದ್ಧವೆಂದೇ ಹೆಸರಿಟ್ಟರು. 2008ರಲ್ಲಿ ಮೆಟಾಲಿಕಾ ಎಂಬ ಪ್ರಸಿದ್ಧ ರಾಕ್ ತಂಡ ‘ಡೆತ್ ಮ್ಯಾಗ್ನೆಟಿಕ್’ ಎಂಬ ಹಾಡುಗಳ ತಟ್ಟೆ ಹೊರಡಿಸಿದಾಗ, ಗದ್ದಲವೇ ಉಸಿರಾದ ಆ ಸಂಗೀತದ ಅಭಿಮಾನಿಗಳೇ ಇದು ಸೀಳುಸೀಳಾಗಿ ಕೇಳುತ್ತದೆಂದು ದೂರಿದರು. ಒಂದು ವಿಡಿಯೋ ಆಟದೊಳಗೆ ಬಂದಿದ್ದ ಅದೇ ಹಾಡುಗಳು ಅಷ್ಟು ಅದುಮಿಲ್ಲವೆಂದು ಕಂಡುಹಿಡಿದು, ನಮಗೆ ಇದೇ ಬೇಕೆಂದು ಹಟ ಹಿಡಿದರು. ಗದ್ದಲದ ಸಂಗೀತಕ್ಕೂ ಗದ್ದಲ ಅತಿಯಾಯಿತೆಂದರೆ ಸೋಬಾನೆಯ ಪಾಡೇನು?

ಈಗ ಇನ್ನೊಂದು ತಮಾಷೆ ನೋಡಿ. ಈ ಯುದ್ಧಕ್ಕೆ ಇಂದು ಗೆಲುವೆಂಬುದೂ ಇಲ್ಲ. ಧ್ವನಿಯ ಗಟ್ಟಿತನವನ್ನು ಕಿವಿಗೆ ತೋರುವ ರೀತಿಯಲ್ಲೇ ಅಳೆಯುವ ಮಾನದಂಡವೊಂದನ್ನು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ 2006ರಲ್ಲಿ ಹೊರಡಿಸಿತು. 2010ರಲ್ಲಿ ಯುರೋಪಿನ ಪ್ರಸಾರಕರ ಒಕ್ಕೂಟ ಅದನ್ನು ಆಧರಿಸಿ ಪ್ರಸಾರಕ್ಕೊಂದು ಮಟ್ಟ ಗೊತ್ತುಮಾಡಿತು. ಇಂದು ಹಾಡುಗಳನ್ನು ಮನೆಮನೆಗೆ ಹರಿಸುವ ಸ್ಪಾಟಿಫೈ ತನ್ನ ಸಾಮಾನ್ಯ ಕ್ರಮದಲ್ಲಿ ಎಲ್ಲ ಹಾಡುಗಳನ್ನೂ ಆ ಮಾನದ ಮೈನಸ್ 14ರ ಸುಮಾರಿಗೆ ತಂದು ನುಡಿಸುತ್ತದೆ. ಯೂಟ್ಯೂಬ್ ಕೂಡ ಗಟ್ಟಿಯಾದುದನ್ನು ತಗ್ಗಿಸುತ್ತದೆ. ಹಾಗೆಂದರೇನು? ನೀವು ಅದುಮಿ ಅದುಮಿ ಹಾಡನ್ನು ಮೈನಸ್ 8ಕ್ಕೆ ಏರಿಸಿ ಕಳಿಸಿದರೆ ಅವರು ಆರು ಡೆಸಿಬೆಲ್ ಇಳಿಸಿ ನುಡಿಸುತ್ತಾರೆ. ಗಟ್ಟಿತನ ಹೋಯಿತು; ಕಡಿದುಹಾಕಿದ ಶಿಖರ ಮಾತ್ರ ಮರಳಿ ಬರಲಿಲ್ಲ. ಮೂಗೂ ಹೋಯಿತು, ಮೂಗುತಿಯೂ ಹೋಯಿತು. ಸ್ಟುಡಿಯೋದ ಆ ತರುಣನಿಗೆ ಇದನ್ನು ಹೇಳಿದೆ. “ಗೊತ್ತು ಸಾರ್, ಆದ್ರೂ ಕಸ್ಟಮರ್ ಗಟ್ಟಿಗಿಡಿ ಅಂತಾರೆ” ಎಂದ. ಹಾಗೆ ಅಂದ ಕಸ್ಟಮರು ನಾನಲ್ಲವೆಂದು ಹೇಳುವ ಧೈರ್ಯ ನನಗಿರಲಿಲ್ಲ. ಚೊಕ್ಕಟ ಮಾಡಿ ಎಂದವನು ನಾನೇ ತಾನೆ?

ಎದುರು ಪಕ್ಷದವರ ಮಾತನ್ನೂ ಕೇಳುವುದು ನ್ಯಾಯ. ಅವರಲ್ಲಿ ಮೊದಲನೆಯವರು ಹೇಳುವುದು ಹೀಗೆ: “ಜನ ಹಾಡು ಕೇಳುವುದು ಬಸ್ಸಿನಲ್ಲಿ, ಕಾರಿನಲ್ಲಿ, ಅಡಿಗೆಮನೆಯಲ್ಲಿ. ಮಾಗಡಿಯಿಂದ ಬೆಂಗಳೂರಿಗೆ ಹೋಗುವ ಬಸ್ಸಿನ ಇಂಜಿನ್ನಿನ ಮುಂದೆ ನಿಮ್ಮ ತಾಯಿಯ ಪಿಸುದನಿ ಕೇಳೀತೆ?” ಕೇಳದು, ಒಪ್ಪಿದೆ. ಆದರೆ ಆ ಸಂಕೋಚನವನ್ನು ಕೇಳುವ ಯಂತ್ರದಲ್ಲಿ ಮಾಡಬಹುದಲ್ಲ? ಗದ್ದಲದಲ್ಲಿ ಇರುವವನು ತನ್ನ ಪೆಟ್ಟಿಗೆಯಲ್ಲಿ ಒಂದು ಗುಂಡಿ ಒತ್ತಿ ಹಾಡನ್ನು ಅದುಮಿಕೊಳ್ಳಲಿ. ರಾತ್ರಿ ಮಗು ಮಲಗಿದ ಹೊತ್ತಿಗೆಂದು ಇಂಥ ಗುಂಡಿಯುಳ್ಳ ಯಂತ್ರಗಳು ಎಷ್ಟೋ ಕಾಲದಿಂದ ಇವೆ. ಮನೆಯಲ್ಲಿ ಶಾಂತವಾಗಿ ಕುಳಿತವನಿಗೆ ಪೂರ್ಣವಾದ ಹಾಡು ಸಿಕ್ಕಲಿ. ಹಿಟ್ಟನ್ನು ಮುದ್ದೆ ಮಾಡಬಹುದು, ರೊಟ್ಟಿ ತಟ್ಟಬಹುದು, ಅಂಬಲಿ ಕಾಸಬಹುದು. ಅಂಗಡಿಯಿಂದಲೇ ಎಲ್ಲರಿಗೂ ಅಂಬಲಿ ಕಾಸಿ ಕಳಿಸಿದರೆ ರೊಟ್ಟಿ ಬೇಕಾದವನು ಏನು ಮಾಡಬೇಕು? ಒಮ್ಮೆ ಅದುಮಿದ್ದನ್ನು ಮತ್ತೆ ಅರಳಿಸುವುದು ಆಗದ ಮಾತು.

ಎರಡನೆಯವರು ಹೆಚ್ಚು ಜಾಣರು. “ಜನಪದವೆಂದರೇ ಗಟ್ಟಿ. ತಮಟೆಗೆ, ಕಂಸಾಳೆಗೆ ನಿಮ್ಮ ನಯನಾಜೂಕು ಎಲ್ಲಿಂದ ಬಂತು?” ಎನ್ನುತ್ತಾರೆ. ಹೀಗೆನ್ನುವವರು ತಮಟೆಯನ್ನು ಹತ್ತಿರ ನಿಂತು ಕೇಳಿದವರಲ್ಲ. ಚರ್ಮವನ್ನು ಬೆಂಕಿಗೆ ಹಿಡಿದು ಹದಮಾಡಿ, ಬೆರಳ ತುದಿಯಲ್ಲಿ ಮಿಡಿದು ನೋಡಿ, ಆಮೇಲೆ ಕೋಲು ಎತ್ತುವ ಕಲಾವಿದ ಅವನು. ಕುಣಿತದವನು ನೆಗೆಯುವ ಮುನ್ನ ತಮಟೆ ಒಂದು ಗಳಿಗೆ ತಗ್ಗುತ್ತದೆ; ಆ ತಗ್ಗಿನಿಂದಲೇ ನೆಗೆತಕ್ಕೆ ಎತ್ತರ ಬರುವುದು. ಶಿವರಾತ್ರಿಯ ಮುಂಚೆ ಕನಕಪುರದ ಹಾದಿ ಹಿಡಿದು, ಸಂಗಮದಲ್ಲಿ ಕಾವೇರಿಯನ್ನು ದಾಟಿ, ಕಾಡಿನೊಳಗೆ ಮಲೆ ಮಾದಪ್ಪನ ಬೆಟ್ಟಕ್ಕೆ ನಡೆದು ಹೋಗುವ ಪರಿಷೆಯ ಜನರ ಜೊತೆ ಒಂದು ಇರುಳು ಕಳೆದವರಿಗೆ ಇದು ಗೊತ್ತು. ದೇವರಗುಡ್ಡರ ಕಥೆ ಗಟ್ಟಿಯಾಗಿ ಮೊದಲಾಗುತ್ತದೆ. ಸಂಕಟದ ಸಂದರ್ಭ ಬಂದಾಗ ಕಂಚಿನ ಬಟ್ಟಲನ್ನು ಅಂಗೈಯಲ್ಲೇ ಹಿಡಿದು ಅದರ ನಾದವನ್ನು ನುಂಗಿಸಿ, ಬರಿಯ ತಾಳದ ಎಲುಬನ್ನಷ್ಟೇ ಉಳಿಸುತ್ತಾರೆ. ಅದೇ ಹಾದಿಯಲ್ಲಿ ಅರವಟ್ಟಿಗೆಯ ಧ್ವನಿವರ್ಧಕದಿಂದ ಮಾದಪ್ಪನ ಹಾಡಿನ ಮುದ್ರಿಕೆಯೂ ಕೇಳಿಬರುತ್ತದೆ. ಅದರಲ್ಲಿ ಸಂಕಟವೂ ಒಂದೇ, ಜಯಘೋಷವೂ ಒಂದೇ. ಜನಪದ ಗಟ್ಟಿಯೆಂಬ ಭಾವನೆಯನ್ನು ಹುಟ್ಟಿಸಿದ್ದೇ ಈ ಮುದ್ರಿಕೆಗಳು. ಮೊದಲು ಹಾಡನ್ನು ಕೆಡಿಸಿ, ಆಮೇಲೆ ಕೆಟ್ಟ ಹಾಡನ್ನೇ ಸಾಕ್ಷಿಗೆ ಕರೆಯುವುದು ಯಾವ ನ್ಯಾಯ?

ಮೂರನೆಯವರು ಕಸಬು ಬಲ್ಲವರು. “ಸ್ವಲ್ಪ ಅದುಮದೆ ಧ್ವನಿಮುದ್ರಣವೇ ಆಗದು” ಎನ್ನುತ್ತಾರೆ. ನಿಜ, ಅವರೊಡನೆ ನನಗೆ ಜಗಳವಿಲ್ಲ. ಮೈಕಿನಿಂದ ಗಾಯಕ ಹಿಂದೆಮುಂದೆ ಸರಿದಾಗ ದನಿ ಎರಚಾಡದಂತೆ ಹಿಡಿಯುವುದಕ್ಕೆ ಕಂಪ್ರೆಸರ್ ಬೇಕು. ಒಳ್ಳೆಯ ಕೈಯಲ್ಲಿ ಅದು ಇದೆಯೆಂದೇ ತಿಳಿಯದು. ಉಪ್ಪಿಲ್ಲದ ಸಾರನ್ನು ನಾನೂ ಕೇಳುತ್ತಿಲ್ಲ. ಉಪ್ಪಿನಲ್ಲೇ ಸಾರು ಮಾಡಬೇಡಿ ಎನ್ನುತ್ತಿದ್ದೇನೆ.

ನಮ್ಮ ರಾಮನಗರದವರಿಗೆ ಸಮತೆಯ ಬೆಲೆ ಗೊತ್ತಿಲ್ಲವೆಂದಲ್ಲ. ಇದು ರೇಷ್ಮೆಯ ಊರು. ಗೂಡು ಬೇಯಿಸಿ ನೂಲು ಬಿಚ್ಚುವವನು ಎಳೆ ಒಂದೆಡೆ ದಪ್ಪ ಒಂದೆಡೆ ತೆಳು ಆಗದಂತೆ ಕಣ್ಣಲ್ಲಿ ಕಣ್ಣಿಟ್ಟು ಕಾಯುತ್ತಾನೆ. ನೂಲಿಗೆ ಸಮತೆ ಗುಣ. ಆದರೆ ಅದೇ ನೂಲಿನಿಂದ ಸೀರೆ ನೇಯುವವನು ಒಡಲಿಗೆ ಒಂದು ರೀತಿ, ಅಂಚಿಗೆ ಒಂದು ರೀತಿ, ಸೆರಗಿಗೆ ಒಂದು ರೀತಿ ಮಾಡುತ್ತಾನಲ್ಲವೆ? ಸೆರಗನ್ನೇ ಆರು ಗಜಕ್ಕೂ ನೇಯ್ದರೆ ಉಡುವವರು ಯಾರು?

ವೀಣೆಯ ವಿಚಾರ ಒಂದು ಮಾತು ಹೇಳದೆ ಇರಲಾರೆ. ಮೀಟಿದ ತಂತಿಯ ಸ್ವರ ಹುಟ್ಟಿದ ಗಳಿಗೆಯಿಂದಲೇ ಸಾಯತೊಡಗುತ್ತದೆ. ಆ ಸಾಯುವಿಕೆಯೊಳಗೆ ಗಮಕವನ್ನು ಎಳೆಯುವುದೇ ವೈಣಿಕನ ವಿದ್ಯೆ. ಮೈಸೂರಿನ ಬಾನಿಗೆ ಹೆಸರಾದ ವಿ. ದೊರೆಸ್ವಾಮಿ ಅಯ್ಯಂಗಾರ್ಯರ ಮೀಟಿನ ಮಾರ್ದವವನ್ನು ಹಳೆಯ ಮುದ್ರಣಗಳಲ್ಲಿ ಕೇಳಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಕಂಪ್ರೆಸರಿನ ಕೈಗೆ ವೀಣೆ ಸಿಕ್ಕರೆ ಅದು ಮೀಟಿನ ಮೊನೆಯನ್ನು ಮುರಿಯುತ್ತದೆ, ಸಾಯುವ ಸ್ವರವನ್ನು ಕೂದಲು ಹಿಡಿದು ಮೇಲೆತ್ತುತ್ತದೆ. ವೀಣೆ ಹಾರ್ಮೋನಿಯಂ ಆಗುತ್ತದೆ. ನಾದದ ಸುತ್ತ ಇದ್ದ ಮೌನ ಇಲ್ಲವಾಗುತ್ತದೆ.

ಮೌನವೆಂದೊಡನೆ ನಮ್ಮ ಊರಿನ ಬೆಟ್ಟಗಳಲ್ಲಿ ಚಿತ್ರಿತವಾದ ‘ಶೋಲೆ’ ನೆನಪಾಗುತ್ತದೆ. 1973ರಲ್ಲಿ ಇಲ್ಲಿ ಚಿತ್ರೀಕರಣ ಮೊದಲಾಯಿತು. 1975ರ ಆಗಸ್ಟ್ 15ರಂದು, 70 ಮಿಲಿಮೀಟರಿನ ತೆರೆಯಲ್ಲಿ, ಸ್ಟೀರಿಯೋ ಧ್ವನಿಯೊಡನೆ ಅದು ಬಿಡುಗಡೆಯಾಯಿತು. ಗುಂಡಿನ ಸುರಿಮಳೆಯ ಚಿತ್ರವೆಂದು ಅದು ಪ್ರಸಿದ್ಧ. ಆದರೆ ನೋಡಿದವರ ಮನಸ್ಸಿನಲ್ಲಿ ಉಳಿದಿರುವುದು ಯಾವುದು? ಒಂದು ಸಂಸಾರವೇ ಹತವಾಗುವಲ್ಲಿ ಕಿರುಗುಟ್ಟುವ ಉಯ್ಯಾಲೆಯ ಸದ್ದು. ವಿಧವೆ ಒಂದೊಂದಾಗಿ ದೀಪ ಆರಿಸುವಾಗ ದೂರದಿಂದ ಬರುವ ಮೌತ್ ಆರ್ಗನ್. ಮಗನ ಹೆಣ ಊರಿಗೆ ಬಂದು ಜನವೆಲ್ಲ ಮೂಕರಾಗಿ ನಿಂತಾಗ, ಇಷ್ಟೇಕೆ ನಿಶ್ಶಬ್ದವೆಂದು ಕೇಳುವ ಕುರುಡ ಇಮಾಮನ ಪ್ರಶ್ನೆ. ಗುಂಡಿನ ಸದ್ದಿಗೆ ಬೆಲೆ ಬಂದದ್ದು ಈ ಮೆಲುಸದ್ದುಗಳಿಂದ. ಉಯ್ಯಾಲೆಯನ್ನೂ ಬಂದೂಕನ್ನೂ ಒಂದೇ ಮಟ್ಟಕ್ಕೆ ತಂದಿದ್ದರೆ ಐವತ್ತು ವರ್ಷ ಕಳೆದ ಮೇಲೆ ಆ ಚಿತ್ರವನ್ನು ಯಾರು ನೆನೆಯುತ್ತಿದ್ದರು?

ಇದೆಲ್ಲ ರಸಿಕರ ಚಿಂತೆ, ಬಡವರ ಹೊಟ್ಟೆಗೆ ಸಂಬಂಧಿಸಿದ್ದಲ್ಲ ಎನ್ನುವವರಿದ್ದಾರೆ. ಅವರಿಗೆ ನನ್ನ ಉತ್ತರ ರಾಮನಗರದ ಪಕ್ಕದಲ್ಲೇ ಇದೆ. 1979ರಲ್ಲಿ ಕರ್ನಾಟಕ ಜಾನಪದ ಪರಿಷತ್ತನ್ನು ಕಟ್ಟಿದ ಎಚ್.ಎಲ್. ನಾಗೇಗೌಡರು 1994ರಲ್ಲಿ ಇಲ್ಲಿ ಜಾನಪದ ಲೋಕವನ್ನು ತೆರೆದರು. ದೊಡ್ಡ ಹುದ್ದೆಯಲ್ಲಿದ್ದ ಆ ಅಧಿಕಾರಿ ಟೇಪ್ ರೆಕಾರ್ಡರು ಹೊತ್ತು ಹಳ್ಳಿಗಳಿಗೆ ಹೋಗಿ ಹಾಡುಗಾರರ ಮುಂದೆ ಕುಳಿತದ್ದು ಏತಕ್ಕೆ? ಪದಗಳನ್ನು ಬರೆದುಕೊಂಡಿದ್ದರೆ ಸಾಲದಾಗಿತ್ತೆ? ಸಾಲದು. ಬರೆದ ಪದದಲ್ಲಿ ದನಿ ಇಲ್ಲ. ಓದುಬರಹ ಬಾರದವರ ಕಾವ್ಯಕ್ಕೆ ಓಲೆಗರಿ ಇಲ್ಲ, ತಾಮ್ರಪಟ ಇಲ್ಲ; ಅವರ ದನಿಯೇ ಅವರ ಹಸ್ತಪ್ರತಿ. ಬಡವರು ಬಿಟ್ಟುಹೋದ ಆಸ್ತಿ ಅದೊಂದೇ.

ಹಸ್ತಪ್ರತಿಯ ವಿಚಾರದಲ್ಲಿ ನಾವು ಎಷ್ಟು ಕಟ್ಟುನಿಟ್ಟು! ಪಂಪನ ಒಂದು ಅಕ್ಷರವನ್ನು ತಿದ್ದಬೇಕಾದರೂ ಮೂಲದ ಪಾಠವನ್ನು ಅಡಿಟಿಪ್ಪಣಿಯಲ್ಲಿ ಕೊಡದ ಸಂಪಾದಕನನ್ನು ನಮ್ಮ ಪಂಡಿತರು ಸುಮ್ಮನೆ ಬಿಡುವುದಿಲ್ಲ. ನೀಲಗಾರನ, ಕಂಸಾಳೆಯವನ, ಸೋಬಾನೆಯ ಮುದುಕಿಯ ದನಿಯನ್ನು ಮಾತ್ರ ಯಾರು ಬೇಕಾದರೂ ಚೊಕ್ಕಟ ಮಾಡಬಹುದು. ಅಡಿಟಿಪ್ಪಣಿ ಬೇಕಿಲ್ಲ, ಮೂಲವನ್ನು ಇಡಬೇಕೆಂಬ ನಿಯಮವೂ ಇಲ್ಲ. ಸರಿ, ಇದು ಹೀಗೇ ನಡೆಯಲಿ ಎನ್ನುವ ಕನ್ನಡದ ಮೇಷ್ಟರುಗಳು ಪಾಠಾಂತರದ ಬಗ್ಗೆ ತರಗತಿಯಲ್ಲಿ ಬಾಯಿ ತೆರೆಯಬಾರದು.

ಕೇಳುವುದು ಬಹಳವೇನಿಲ್ಲ. ಹಳೆಯ ಟೇಪು ಯಾರ ಬಳಿ ಇದ್ದರೂ, ಅದು ಸಂಸ್ಥೆಯಾಗಲಿ ಮನೆಯ ಅಟ್ಟವಾಗಲಿ, ಮೊದಲು ಅದನ್ನು ಇದ್ದ ಹಾಗೆಯೇ ಇಳಿಸಿಕೊಳ್ಳಬೇಕು. ಧ್ವನಿ ಸಂಗ್ರಹಾಲಯಗಳ ಅಂತರರಾಷ್ಟ್ರೀಯ ಸಂಘ ಇದಕ್ಕೆ ವಿಧಿ ಬರೆದಿಟ್ಟಿದೆ: 24 ಬಿಟ್, 48 ಕಿಲೋಹರ್ಟ್ಸ್‌ಗೆ ಕಡಿಮೆಯಿಲ್ಲದಂತೆ, ಗರಗರವನ್ನೂ ತೆಗೆಯದೆ, ಮೆಲುದನಿಯನ್ನೂ ಎತ್ತದೆ. ಆ ಮೂಲಪ್ರತಿಯನ್ನು ಮುಟ್ಟದೆ ಇಟ್ಟು, ಆಮೇಲೆ ಬೇಕಾದರೆ ಬಸ್ಸಿಗೊಂದು ಪ್ರತಿ, ಮದುವೆಗೊಂದು ಪ್ರತಿ ಮಾಡಿಕೊಳ್ಳಲಿ. ಸ್ಟುಡಿಯೋದವರು ಅದುಮಿದ ಪ್ರತಿಯ ಜೊತೆಗೆ ಅದುಮದ ಪ್ರತಿಯನ್ನೂ ಹಾಡಿದವರ ಕೈಗೆ ಕೊಡಬೇಕು. ಅದು ಅವರ ಸ್ವತ್ತು. ಕಾಲೇಜುಗಳಲ್ಲಿ ಜನಪದ ಗೀತೆಯ ಸ್ಪರ್ಧೆ ನಡೆಸುವ ನಾವು ಮೇಷ್ಟರುಗಳು ನಲವತ್ತು ಮಕ್ಕಳ ಕೋಣೆಯಲ್ಲಿ ಮೈಕನ್ನು ಆರಿಸಿ ಹಾಡಿಸಬೇಕು. ಮೊದಲ ನಿಮಿಷ ಗುಸುಗುಸು ಇರುತ್ತದೆ. ಎರಡನೆಯ ನಿಮಿಷಕ್ಕೆ ಕಿವಿಗಳು ತೆರೆದುಕೊಳ್ಳುತ್ತವೆ. ನಾನು ಮಾಡಿ ನೋಡಿದ್ದೇನೆ.

ಸ್ಟುಡಿಯೋದಿಂದ ಹಿಂದಿರುಗುವಾಗ ನನ್ನ ಕ್ಯಾಸೆಟ್ಟನ್ನು ಕೇಳಿ ತಂದೆ. ಪುಣ್ಯಕ್ಕೆ ಅವರು ಎಸೆದಿರಲಿಲ್ಲ. ಟೇಪು ಒಂದೆರಡು ಕಡೆ ಸುಕ್ಕುಗಟ್ಟಿತ್ತು. ನನ್ನ ವಿದ್ಯಾರ್ಥಿಯೊಬ್ಬ ಇಂಥ ಕೆಲಸ ಬಲ್ಲವನು. ಒಂದು ಭಾನುವಾರ ಕಾಲೇಜಿನ ಖಾಲಿ ಕೋಣೆಯಲ್ಲಿ ಕುಳಿತು ಅದನ್ನು ಇಳಿಸಿಕೊಟ್ಟ. ಒಪ್ಪಿಸುವ ಪದದ ಕೊನೆಗೆ ಬಂದಾಗ ಅವನು ತೆರೆಯ ಮೇಲಿನ ಕಣಿವೆಯನ್ನು ನೋಡಿ, “ಸಾರ್, ಇಲ್ಲಿ ತುಂಬ ಮೆಲ್ಲಗಾಯ್ತು, ಸ್ವಲ್ಪ ಎತ್ಲಾ?” ಎಂದ.

“ಬೇಡಪ್ಪ, ಹತ್ತಿರ ಬಂದು ಕೂತುಕೋ” ಎಂದೆ.

ಮುಂದಿನ ಶನಿವಾರ ಅಕ್ಕನ ಮನೆಗೆ ಅದನ್ನು ಕೊಂಡೊಯ್ದೆ. ಬಾಗಿಲು ಮುಂದೆ ಮಾಡಿ, ಫ್ಯಾನು ಆರಿಸಿ, ಇಬ್ಬರೂ ಕುಳಿತೆವು. ಹೊಸಿಲಿನ ಮಾತು ಬಂತು. ಅವ್ವನ ದನಿ ಇಳಿಯತೊಡಗಿತು. ಟೇಪಿನ ಗರಗರ, ಎಲ್ಲೋ ಒಂದು ಕೋಳಿ ಕೂಗಿದ್ದು, ಯಾರೋ ಹೊರಗೆ ಕೊಡ ಇಟ್ಟದ್ದು, ಎಲ್ಲ ಕೇಳಿಸಿತು. ಅವುಗಳ ನಡುವೆ ಅವಳ ಉಸಿರು. ಅಕ್ಕ ಏನೂ ಹೇಳಲಿಲ್ಲ. ಎಲೆಅಡಿಕೆಯ ತಟ್ಟೆಯನ್ನು ಪಕ್ಕಕ್ಕೆ ಸರಿಸಿ ಮುಂದಕ್ಕೆ ಬಾಗಿದಳು.